ಗಡಿ ದಾಟಿದ್ದು ಯಾರು? ಅಮೆರಿಕದ ಲ್ಯಾಟಿನೊ ಜನರ ಇತಿಹಾಸದ ಬಗ್ಗೆ ಚರ್ಚೆ

ಬಯಲುಸೀಮೆಯವ (ಸ್ಯಾನ್ ಅಂಟೋನಿಯೊ, ಟೆಕ್ಸಸ್)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬಿಡುವು ಮಾಡಿಕೊಂಡು ಓದಿ.

ಹೋದ ತಿಂಗಳು ಇಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಊಟಕ್ಕೆ ಕೂತಾಗ ಒಬ್ಬರು, "ಈ ಮೆಕ್ಸಿಕೋ ಕಡೆಯವರು ಎಲ್ಲಿಂದಲೋ ಬಂದು ಇಡೀ ಊರು ತುಂಬಿಕೊಂಡಿದ್ದಾರೆ" ಅಂದರು. ಯಾರೂ ಏನೂ ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಅದು ನನ್ನನ್ನು ಈಗಲೂ ಕೊರೆಯುತ್ತಿದೆ. ನಾನು ಈ ಊರಿಗೆ ಬಂದು 11 ವರ್ಷ. ನಮ್ಮ ಪಕ್ಕದ ಮನೆ ಅಜ್ಜಿಯ ಮನೆತನ ಈ ಸೀಮೆಯಲ್ಲಿ ಇರುವುದು 1767ರಿಂದ. ಎಲ್ಲಿಂದಲೋ ಬಂದವನು ನಾನು, ಅವರಲ್ಲ.

ಅಜ್ಜಿಯ ಹತ್ತಿರ ಒಂದು ಹಳೇ ನಕ್ಷೆಯ ಪ್ರತಿ ಇದೆ. ಈಗ ಎರಡು ದೇಶಗಳ ಗಡಿಯಾಗಿರುವ ರಿಯೊ ಗ್ರಾಂಡೆ ನದಿಯ ದಡದಲ್ಲಿ, ಬಾಚಣಿಗೆ ಹಲ್ಲಿನ ಹಾಗೆ, ಸಾಲಾಗಿ ಜಮೀನಿನ ಪಟ್ಟಿಗಳು. ನದಿಗೆ ತಾಗಿದ ಕಡೆ ಅಗಲ ಒಂದು ಮೈಲಿಯೂ ಇಲ್ಲ. ಒಳಗಡೆಗೆ ಮಾತ್ರ ಹತ್ತು ಮೈಲಿಗೂ ಜಾಸ್ತಿ ಉದ್ದ. ಇವಕ್ಕೆ 'ಪೊರ್ಸಿಯೋನ್' ಅಂತ ಹೆಸರು. 1767ರಲ್ಲಿ ಸ್ಪೇನ್ ದೊರೆಯ ಅಧಿಕಾರಿಗಳು ಬಂದು ಹೀಗೆ ಅಳೆದು ಹಂಚಿದರು. ಯಾಕೆ ಇಷ್ಟು ಕಿರಿದು, ಇಷ್ಟು ಉದ್ದ ಅಂತ ಕೇಳಿದೆ. "ಎಲ್ಲರ ಆಡಿಗೂ ನೀರು ಸಿಗಬೇಕಲ್ಲ" ಅಂದರು. ಬಿಸಿಲ ಸೀಮೆಯಲ್ಲಿ ಹುಟ್ಟಿದ ನನಗೆ ಅದು ತಕ್ಷಣ ಅರ್ಥವಾಯಿತು.

ಆ ಪಟ್ಟಿಯಲ್ಲಿ ಕೂತ ಮನೆ ಕದಲಲಿಲ್ಲ. ಸುತ್ತಲಿನ ದೇಶ ಬದಲಾಗುತ್ತಾ ಹೋಯಿತು. 1821ರವರೆಗೆ ಸ್ಪೇನ್. ಆಮೇಲೆ ಸ್ವತಂತ್ರ ಮೆಕ್ಸಿಕೋ. 1836ರಲ್ಲಿ ಟೆಕ್ಸಸ್ ಬೇರೆಯಾಯಿತು. 1845ರಲ್ಲಿ ಅಮೆರಿಕ ಅದನ್ನು ಸೇರಿಸಿಕೊಂಡಿತು. ಮರುವರ್ಷ ಅಧ್ಯಕ್ಷ ಪೋಲ್ಕ್, ಮೆಕ್ಸಿಕೋ ತನ್ನದು ಅನ್ನುತ್ತಿದ್ದ ನದಿ ದಡಕ್ಕೇ ಸೈನ್ಯ ಕಳಿಸಿದ. ಗುಂಡು ಹಾರಿತು, ಅಮೆರಿಕದ ನೆಲದಲ್ಲೇ ರಕ್ತ ಬಿತ್ತು ಅಂತ ಪೋಲ್ಕ್ ಹೇಳಿದ, ಯುದ್ಧ ಶುರುವಾಯಿತು. "ರಕ್ತ ಬಿದ್ದ ಜಾಗ ಯಾವುದು ತೋರಿಸಿ" ಅಂತ ಸಂಸತ್ತಿನಲ್ಲಿ ಪಟ್ಟು ಹಿಡಿದವರಲ್ಲಿ ಆಗಿನ್ನೂ ಹೊಸಬನಾಗಿದ್ದ ಅಬ್ರಹಾಂ ಲಿಂಕನ್ ಕೂಡ ಒಬ್ಬ. 1848ರ ಫೆಬ್ರವರಿ 2ರಂದು ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದ ಆಯಿತು. ಟೆಕ್ಸಸ್ಸೂ ಸೇರಿ ಮೆಕ್ಸಿಕೋ ತನ್ನ ನೆಲದ ಅರ್ಧಕ್ಕೂ ಜಾಸ್ತಿ ಕಳೆದುಕೊಂಡಿತು. ಇವತ್ತಿನ ಕ್ಯಾಲಿಫೋರ್ನಿಯಾ, ನೆವಾಡ, ಯೂಟಾ ಪೂರ್ತಿ, ಅರಿಜೋನಾ, ನ್ಯೂ ಮೆಕ್ಸಿಕೋದ ದೊಡ್ಡ ಪಾಲು ಹೋಯಿತು. ಅಮೆರಿಕ ಕೊಟ್ಟದ್ದು 1.5 ಕೋಟಿ ಡಾಲರ್.

ಅಲ್ಲಿದ್ದ ಸುಮಾರು ಲಕ್ಷ ಜನರಿಗೆ ಒಂದು ವರ್ಷ ಸಮಯ. ಮೆಕ್ಸಿಕೋದವರಾಗಿ ಉಳಿಯಬೇಕೋ, ಅಮೆರಿಕದವರಾಗಬೇಕೋ ನೀವೇ ನೋಡಿಕೊಳ್ಳಿ ಅಂದರು. ಲಾರೆಡೊ ಊರಿನ ಕೆಲವು ಮನೆಯವರು ನದಿ ದಾಟಿ ಆಚೆ ನುಯೆವೊ ಲಾರೆಡೊ, ಅಂದರೆ ಹೊಸ ಲಾರೆಡೊ, ಕಟ್ಟಿಕೊಂಡರು. ಹೋಗುವಾಗ ಹಿರಿಯರ ಗೋರಿ ಅಗೆದು, ಮೂಳೆಗಳನ್ನೂ ಜೊತೆಗೆ ಒಯ್ದರು ಅಂತ ಆ ಕಡೆ ಇವತ್ತಿಗೂ ಹೇಳುತ್ತಾರೆ. ಅಜ್ಜಿಯ ಮನೆತನ ಉಳಿಯಿತು. "ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು" ಅನ್ನುವ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಅಜ್ಜಿ ಹೇಳಿದಾಗ ಅದು ಘೋಷಣೆಯಾಗಿ ಕೇಳಿಸಲಿಲ್ಲ, ಮನೆ ವಿಳಾಸ ಹೇಳಿದ ಹಾಗಿತ್ತು.

ನಿಮ್ಮ ನಿಮ್ಮ ಊರಲ್ಲಿ ನೀವು ಕಂಡದ್ದು, ಓದಿದ್ದು ಬರೆಯಿರಿ.

ತುಂಗಾತೀರ (ಶಿವಮೊಗ್ಗ)

ಅಣ್ಣಾ, ನಾನು ಇತಿಹಾಸದ ವಿದ್ಯಾರ್ಥಿನಿ. ಎರಡು ಪ್ರಶ್ನೆ. ಪೌರತ್ವ ಸಿಕ್ಕಿತು ಅಂದಿರಿ. ಜಮೀನು ಉಳಿಯಿತಾ? ಇನ್ನೊಂದು, ಈಗ ಎಲ್ಲ ಕಡೆ 'ಲ್ಯಾಟಿನೆಕ್ಸ್' ಅಂತ ಬರೆಯುತ್ತಾರಲ್ಲ, ಅದು ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದವರು) ಅನ್ನುವುದಕ್ಕಿಂತ ಬೇರೆಯಾ?

ಬಯಲುಸೀಮೆಯವ

ಜಮೀನು ಬಹಳ ಕಡೆ ಉಳಿಯಲಿಲ್ಲ ತಂಗಿ. ಒಪ್ಪಂದದ ಹತ್ತನೇ ಕಲಮು ಹಳೇ ಭೂದಾನಗಳಿಗೆ ರಕ್ಷಣೆ ಕೊಟ್ಟಿತ್ತು. ಅಮೆರಿಕದ ಸೆನೆಟ್ ಆ ಕಲಮನ್ನೇ ಕಿತ್ತುಹಾಕಿ ಒಪ್ಪಿಗೆ ಕೊಟ್ಟಿತು.

ಕ್ಯಾಲಿಫೋರ್ನಿಯಾದಲ್ಲಿ 1851ರಲ್ಲಿ ಕಾಯ್ದೆ ಬಂತು. ಜಮೀನು ನಿಮ್ಮದು ಅಂತ ನೀವೇ ಆಯೋಗದ ಮುಂದೆ ಸಾಬೀತು ಮಾಡಬೇಕು. ಮೆಕ್ಸಿಕೋ ಕಾಲದ ಕಾಗದಗಳಲ್ಲಿ ಕೈಯಲ್ಲಿ ಬರೆದ ನಕ್ಷೆ ಇರುತ್ತಿತ್ತು. ಇಲ್ಲೊಂದು ಓಕ್ ಮರ, ಅಲ್ಲೊಂದು ಬಂಡೆ, ಆಚೆ ತೊರೆ. ಊರಿನವರಿಗೆ ಅಷ್ಟು ಸಾಕಿತ್ತು. ಇಂಗ್ಲಿಷ್ ಕೋರ್ಟಿಗೆ ಸಾಲಲಿಲ್ಲ. ಒಂದೊಂದು ದಾವೆ ಇತ್ಯರ್ಥವಾಗಲು ಸರಾಸರಿ 17 ವರ್ಷ ಹಿಡಿಯಿತು. ವಕೀಲರ ಫೀಸಿಗೆ ಜಮೀನನ್ನೇ ಮಾರಿದರು. ಗೆದ್ದವರ ಕೈಯಲ್ಲೂ ಕೊನೆಗೆ ಉಳಿದದ್ದು ಅಷ್ಟಕ್ಕಷ್ಟೆ.

ಟೆಕ್ಸಸ್‌ನಲ್ಲಿ ಕಾಗದದ ಜೊತೆ ಬಂದೂಕೂ ಬಂತು. 1915ರ ಸುಮಾರಿಗೆ ಗಡಿ ಜಿಲ್ಲೆಗಳಲ್ಲಿ ಟೆಕ್ಸಸ್ ರೇಂಜರ್ ಪೊಲೀಸರು, ಅವರ ಜೊತೆ ಸೇರಿದ ಜಮೀನುದಾರರು ನೂರಾರು ಮೆಕ್ಸಿಕನ್ ಮೂಲದವರನ್ನು ವಿಚಾರಣೆಯಿಲ್ಲದೆ ಕೊಂದರು. 1918ರ ಜನವರಿ 28ರಂದು ಪೊರ್ವೆನೀರ್ ಅನ್ನುವ ಪುಟ್ಟ ಹಳ್ಳಿಯಲ್ಲಿ 15 ಗಂಡಸರು, ಹುಡುಗರನ್ನು ರಾತ್ರಿ ಮನೆಯಿಂದ ಎಬ್ಬಿಸಿ ಕರೆದೊಯ್ದು ಗುಂಡಿಟ್ಟರು. ಉಳಿದವರು ಹೆಣ ತೆಗೆದುಕೊಂಡು ನದಿ ಆಚೆ ಓಡಿದರು. ಹಳ್ಳಿಯೇ ಇಲ್ಲವಾಯಿತು. ರಾಜ್ಯದ ಶಾಸನಸಭೆಯಲ್ಲಿದ್ದ ಹೊಸೆ ಟಿ. ಕನಾಲೆಸ್ ಒಬ್ಬರೇ ಎದೆ ಗಟ್ಟಿ ಮಾಡಿ 1919ರಲ್ಲಿ ತನಿಖೆ ನಡೆಯುವ ಹಾಗೆ ಮಾಡಿದರು. ಅವರಿಗೇ ಬೆದರಿಕೆ ಬಂತು.

ಇನ್ನೊಬ್ಬಳನ್ನು ಮರೆಯಬಾರದು. ಕಾರ್ಮೆಲಿಟಾ ಟೊರೆಸ್, 17 ವರ್ಷದ ಹುಡುಗಿ. ಮೆಕ್ಸಿಕೋ ಕಡೆಯ ಹ್ವಾರೆಸ್‌ನಿಂದ ದಿನಾ ಬೆಳಿಗ್ಗೆ ಸೇತುವೆ ದಾಟಿ ಟೆಕ್ಸಸ್‌ನ ಎಲ್ ಪಾಸೊದಲ್ಲಿ ಮನೆಗೆಲಸಕ್ಕೆ ಬರುತ್ತಿದ್ದಳು. ಹೇನು, ರೋಗ ಅಂತ ಹೇಳಿ ಮೆಕ್ಸಿಕೋದವರ ಬಟ್ಟೆ ಬಿಚ್ಚಿಸಿ, ಸೀಮೆಎಣ್ಣೆ ಬೆರೆಸಿದ್ದರಲ್ಲಿ ಸ್ನಾನ ಮಾಡಿಸುವ ಕ್ರಮ ಆಗ ಶುರುವಾಗಿತ್ತು. 1917ರ ಜನವರಿ 28ರ ಬೆಳಿಗ್ಗೆ ಅವಳು ಟ್ರಾಮಿನಿಂದ ಇಳಿದು, ನಾನು ಆ ಸ್ನಾನ ಮಾಡುವುದಿಲ್ಲ ಅಂದಳು. ಟ್ರಾಮಿನಲ್ಲಿದ್ದ ಉಳಿದ ಹೆಂಗಸರೂ ಇಳಿದರು. ಮಧ್ಯಾಹ್ನದ ಹೊತ್ತಿಗೆ ಸಾವಿರಾರು ಜನ ಸೇರಿ ಸೇತುವೆ ಬಂದ್ ಆಯಿತು. ಅವಳನ್ನು ಬಂಧಿಸಿದರು. ಆ ಸ್ನಾನ ಮಾತ್ರ ಆಮೇಲೆ ಎಷ್ಟೋ ವರ್ಷ ನಡೆಯಿತು.

ಮಲೆನಾಡ ಮಳೆ (ನ್ಯೂಯಾರ್ಕ್)

ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ. ಆದರೆ ಮೊದಲು ಕೆರಿಬಿಯನ್ ದ್ವೀಪ ಪೋರ್ಟೊ ರಿಕೊ ವಿಷಯ. ಅದನ್ನು ಬಿಟ್ಟರೆ ಈ ಕತೆ ಅರ್ಧವೇ.

ನಾನು ಬ್ರಾಂಕ್ಸ್‌ನಲ್ಲಿ ಶಾಲಾ ಶಿಕ್ಷಕಿ. ಬಂದ ಹೊಸದರಲ್ಲಿ ಜೊತೆಯ ಟೀಚರ್ ಒಬ್ಬರಿಗೆ, "ನಿಮ್ಮ ತಂದೆತಾಯಿಗೆ ಪೌರತ್ವ ಯಾವಾಗ ಸಿಕ್ಕಿತು?" ಅಂತ ಕೇಳಿಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "1917ರಲ್ಲಿ, ಇಡೀ ದ್ವೀಪಕ್ಕೆ ಒಟ್ಟಿಗೇ" ಅಂದರು. ಆವತ್ತೇ ನಾನು ಇದನ್ನೆಲ್ಲ ಓದಲು ಶುರು ಮಾಡಿದ್ದು.

1898ರಲ್ಲಿ ಅಮೆರಿಕ ಸ್ಪೇನ್ ಜೊತೆ ಯುದ್ಧ ಮಾಡಿ ಪೋರ್ಟೊ ರಿಕೊ, ಗ್ವಾಮ್, ಫಿಲಿಪೀನ್ಸ್ ಮೂರನ್ನೂ ತೆಗೆದುಕೊಂಡಿತು. ದ್ವೀಪದ ಜನರನ್ನು ಯಾರೂ ಕೇಳಲಿಲ್ಲ. 1901ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಸುಲಭವಾಗಿ ಹೇಳಬೇಕಂದರೆ ಹೀಗೆ: ದ್ವೀಪ ಅಮೆರಿಕಕ್ಕೆ ಸೇರಿದ್ದು, ಆದರೆ ಅಮೆರಿಕದ ಭಾಗವಲ್ಲ. ಅದೇ ತರ್ಕ ಇವತ್ತಿಗೂ ನಡೆಯುತ್ತಿದೆ. ದ್ವೀಪದಲ್ಲಿ ಇದ್ದರೆ ಅಧ್ಯಕ್ಷರ ಚುನಾವಣೆಯಲ್ಲಿ ಮತವಿಲ್ಲ. ಸಂಸತ್ತಿನಲ್ಲಿ ಒಬ್ಬ ಪ್ರತಿನಿಧಿ ಇದ್ದಾರೆ, ಅಲ್ಲಿ ಕಾನೂನಿಗೆ ಅಂತಿಮ ಮತ ಹಾಕುವ ಹಕ್ಕು ಅವರಿಗಿಲ್ಲ. ಅದೇ ಮನುಷ್ಯ ವಿಮಾನ ಹತ್ತಿ ಫ್ಲಾರಿಡಾಗೆ ಬಂದು ನೆಲೆಸಿದರೆ ಮತ ಸಿಗುತ್ತದೆ. ಇನ್ನು 1917ರ ಪೌರತ್ವ. ಕಾಯ್ದೆಗೆ ಸಹಿ ಬಿದ್ದದ್ದು ಮಾರ್ಚ್‌ನಲ್ಲಿ, ಅಮೆರಿಕ ಮಹಾಯುದ್ಧಕ್ಕೆ ಇಳಿದದ್ದು ಏಪ್ರಿಲ್‌ನಲ್ಲಿ. ದ್ವೀಪದ ಸಾವಿರಾರು ಗಂಡಸರು ಸೈನ್ಯ ಸೇರಬೇಕಾಯಿತು.

ಜನ ಯಾಕೆ ಊರು ಬಿಟ್ಟರು ಅನ್ನುವುದನ್ನೂ ನೋಡಿ. 1899ರ ಚಂಡಮಾರುತ ಕಾಫಿ ತೋಟಗಳನ್ನು ನೆಲಕ್ಕೆ ಹಾಸಿತು. (ಕಾಫಿ ಸೀಮೆಯಲ್ಲಿ ಬೆಳೆದವಳು ನಾನು. ಕಾಫಿ ಗಿಡ ಹೋದರೆ ಮತ್ತೆ ಫಸಲಿಗೆ ಎಷ್ಟು ವರ್ಷ ಕಾಯಬೇಕು ಅಂತ ಗೊತ್ತು.) ಆ ಹೊತ್ತಿಗೆ ಅಮೆರಿಕದ ಸಕ್ಕರೆ ಕಂಪನಿಗಳು ಬಯಲಿನ ನೆಲ ಹಿಡಿದವು. 1900-01ರಲ್ಲಿ ಸುಮಾರು 5,000 ಜನರನ್ನು ಹವಾಯಿಯ ಕಬ್ಬಿನ ಗದ್ದೆಗಳಿಗೆ ಸಾಗಿಸಿದರು. 1940ರ ದಶಕದ ಕೊನೆಯಲ್ಲಿ ದ್ವೀಪವನ್ನು ಕಾರ್ಖಾನೆಗಳ ನಾಡು ಮಾಡುತ್ತೇವೆ ಅಂತ ಯೋಜನೆ ಬಂತು. ಕಾರ್ಖಾನೆ ಬಂತು, ಕೃಷಿ ಕುಸಿಯಿತು, ಕೆಲಸ ಸಾಲಲಿಲ್ಲ. 1950ರ ದಶಕ ಒಂದರಲ್ಲೇ 4 ಲಕ್ಷಕ್ಕೂ ಜಾಸ್ತಿ ಜನ ಹೊರಟರು. ಬಹಳಷ್ಟು ಮಂದಿ ಸ್ಯಾನ್ ಹುವಾನ್‌ನಿಂದ ರಾತ್ರಿ ವಿಮಾನ ಹತ್ತಿ ಬೆಳಿಗ್ಗೆ ನ್ಯೂಯಾರ್ಕ್‌ನಲ್ಲಿ ಇಳಿದರು. ಈ ನಡುವೆ, 1948ರಿಂದ 1957ರವರೆಗೆ, ಸ್ವಾತಂತ್ರ್ಯದ ಪರ ಮಾತಾಡಿದರೆ ಜೈಲಿಗೆ ಹಾಕಬಹುದಾದ ಕಾಯ್ದೆ ದ್ವೀಪದಲ್ಲಿತ್ತು. ಅದರ ಕೆಳಗೆ ತಮ್ಮದೇ ಬಾವುಟ ಮನೆಯಲ್ಲಿಟ್ಟುಕೊಂಡರೂ ಕಷ್ಟ. ಇಲ್ಲಿ ಪ್ರತಿ ಬಾಲ್ಕನಿಯಲ್ಲಿ ಆ ಬಾವುಟ ಯಾಕೆ ಕಾಣುತ್ತದೆ ಅಂತ ನನಗೆ ಈಗ ಗೊತ್ತು.

ಈಸ್ಟ್ ಹಾರ್ಲೆಮ್‌ನಲ್ಲಿ 1969ರ ಬೇಸಿಗೆಯಲ್ಲಿ ನಡೆದ ಒಂದು ಘಟನೆ ನನಗೆ ಬಹಳ ಇಷ್ಟ. ಯಂಗ್ ಲಾರ್ಡ್ಸ್ ಅನ್ನುವ ಹುಡುಗ ಹುಡುಗಿಯರ ಗುಂಪು. ಬಹಳಷ್ಟು ಜನ ಪೋರ್ಟೊ ರಿಕೊ ಮೂಲದವರು. ನಿಮಗೆ ಏನು ಬೇಕು ಅಂತ ಕೇರಿಯವರನ್ನು ಕೇಳಿದರು. ಕ್ರಾಂತಿ ಬೇಕು ಅಂತ ಯಾರೂ ಹೇಳಲಿಲ್ಲ. ಕಸ ಎತ್ತಿಸಿ ಅಂದರು. ಹುಡುಗರು ಪೊರಕೆ ಹಿಡಿದು ಬೀದಿ ಗುಡಿಸಿದರು. ಆದರೂ ನಗರಪಾಲಿಕೆ ಕಸ ಒಯ್ಯಲಿಲ್ಲ. ಆಗ ಆ ಕಸವನ್ನೆಲ್ಲ ದೊಡ್ಡ ರಸ್ತೆಗೆ ಅಡ್ಡ ಹಾಕಿ ಬೆಂಕಿ ಹಚ್ಚಿದರು.

ಈಗ ಹೆಸರು. ಸ್ಪ್ಯಾನಿಷ್‌ನಲ್ಲಿ ಲ್ಯಾಟಿನೊ ಅಂದರೆ ಗಂಡು, ಲ್ಯಾಟಿನಾ ಅಂದರೆ ಹೆಣ್ಣು. ಗುಂಪಿಗೆಲ್ಲ ಗಂಡು ರೂಪವೇ. ಎರಡಕ್ಕೂ ಸೇರದವರೂ ಇದ್ದಾರೆ, ಅವರನ್ನೂ ಒಳಗೊಳ್ಳೋಣ ಅಂತ ಕೊನೆಯ ಅಕ್ಷರದ ಜಾಗದಲ್ಲಿ 'ಎಕ್ಸ್' ಬಂತು. ಕ್ಯಾಂಪಸ್‌ಗಳಲ್ಲಿ ಜಾಸ್ತಿ ಓಡುತ್ತದೆ. 2020ರಲ್ಲಿ ಸಮೀಕ್ಷೆ ಮಾಡುವ ಪ್ಯೂ ಸಂಸ್ಥೆ ಕೇಳಿದಾಗ ಹೀಗೆ ಕರೆದುಕೊಳ್ಳುವವರು ನೂರಕ್ಕೆ 3 ಮಂದಿ ಮಾತ್ರ ಸಿಕ್ಕರು. ಸ್ಪ್ಯಾನಿಷ್ ನಾಲಗೆಗೆ ಅದು ಕಷ್ಟ, 'ಲ್ಯಾಟಿನೆ' ಸಲೀಸು ಅನ್ನುವವರಿದ್ದಾರೆ. ಕನ್ನಡದಲ್ಲಿ ನಮಗೆ 'ಅವರು' ಇದೆ, ಈ ತೊಡಕು ಅರ್ಥವಾಗಲು ಸ್ವಲ್ಪ ಹೊತ್ತು ಬೇಕು. ಇನ್ನು 'ಹಿಸ್ಪಾನಿಕ್', ಅಂದರೆ ಸ್ಪ್ಯಾನಿಷ್ ನುಡಿಯ ಮೂಲದವರು, ಅನ್ನುವುದು ದೇಶದ ಎಲ್ಲ ಮನೆಗಳ ಜನಗಣತಿ ಫಾರಂಗೆ ಬಂದದ್ದು 1980ರಲ್ಲಿ. ನನ್ನ ಶಾಲೆಯ ಮಕ್ಕಳು ಮಾತ್ರ ನಾನು ಬೋರಿಕುವಾ (ಪೋರ್ಟೊ ರಿಕೊದವರು), ನಾನು ಡೊಮಿನಿಕನ್ ಅಂತ ಊರು ಹಿಡಿದೇ ಹೇಳುತ್ತಾರೆ. ಕರೆಸಿಕೊಳ್ಳುವವರು ಹೇಗೆ ಹೇಳುತ್ತಾರೋ ಹಾಗೆ ಕರೆಯುವುದು ನನ್ನ ರೂಢಿ.

ಕಾವೇರಿ ದಂಡೆ (ಡಲ್ಲಾಸ್)

ಓದಿದೆ. 1848 ಒಪ್ಪಿಕೊಂಡೆ, ಪೋರ್ಟೊ ರಿಕೊ ಒಪ್ಪಿಕೊಂಡೆ. ಆದರೆ ಮನಸ್ಸಲ್ಲಿ ಇರುವುದನ್ನು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನಾನು ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು 13 ವರ್ಷ. ಅಪ್ಪ ತೀರಿಕೊಂಡಾಗ ವೀಸಾ ಮುದ್ರೆಯ ತಾಪತ್ರಯದಿಂದ ಹೋಗಲಾಗಲಿಲ್ಲ. ಯಾವ ದಿನಾಂಕದ ಅರ್ಜಿಯವರೆಗೆ ಸರದಿ ಬಂತು ಅಂತ ಸರ್ಕಾರ ಹಾಕುವ ವೀಸಾ ಬುಲೆಟಿನ್ ಪ್ರತಿ ತಿಂಗಳು ನೋಡುತ್ತೇನೆ, ದಿನಾಂಕ ಅಲ್ಲೇ ನಿಂತಿರುತ್ತದೆ. ನಾವು ನಿಯಮ ಪಾಲಿಸುತ್ತಾ ಕಾಯುತ್ತಿದ್ದೇವೆ. ಇವತ್ತು ಗಡಿ ದಾಟಿ ಬರುವವರು ಸಾಲಿನಲ್ಲಿ ಯಾಕೆ ನಿಲ್ಲಬಾರದು? ಹಳೇ ಇತಿಹಾಸಕ್ಕೂ ಇವತ್ತಿನ ಕಾನೂನಿಗೂ ಏನು ಸಂಬಂಧ?

ಕೃಷಿಕನ ಮಗಳು (ಫ್ರೆಸ್ನೊ, ಕ್ಯಾಲಿಫೋರ್ನಿಯಾ)

ಅಣ್ಣಾ, ಅಪ್ಪನ ವಿಷಯ ಓದಿ ಸಂಕಟವಾಯಿತು. ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ನಾನು ಇಲ್ಲಿ ಮಣ್ಣು ಪರೀಕ್ಷೆಯ ಕೆಲಸ ಮಾಡುತ್ತೇನೆ. ದಿನಾ ಹೊಲದಲ್ಲಿ ಈ ಜನರ ಜೊತೆಗೇ ಇರುತ್ತೇನೆ. ಆ ಸಾಲು ಹೇಗೆ ಹುಟ್ಟಿತು ಅಂತ ಹೇಳುತ್ತೇನೆ ಕೇಳಿ.

1920ರ ದಶಕದಲ್ಲಿ ದೇಶದೇಶಕ್ಕೆ ಕೋಟಾ ಹಾಕಿದಾಗಲೂ ಮೆಕ್ಸಿಕೋಗೆ ಸಂಖ್ಯೆಯ ಮಿತಿ ಇರಲಿಲ್ಲ. ಹೊಲಕ್ಕೆ, ರೈಲು ಹಳಿಗೆ, ಗಣಿಗೆ ಆಳು ಬೇಕಿತ್ತು. 1930ರ ದಶಕದಲ್ಲಿ ಕೆಲಸ ಇಲ್ಲವಾದಾಗ ಲಕ್ಷಾಂತರ ಜನರನ್ನು ರೈಲಿಗೆ ಹತ್ತಿಸಿ ಮೆಕ್ಸಿಕೋಗೆ ಅಟ್ಟಿದರು. ಅವರಲ್ಲಿ ಎಷ್ಟೋ ಜನ ಅಮೆರಿಕದಲ್ಲೇ ಹುಟ್ಟಿದ ಪೌರರು. ಕ್ಯಾಲಿಫೋರ್ನಿಯಾ ಸರ್ಕಾರ ಅದಕ್ಕೆ ಕ್ಷಮೆ ಕೇಳಿದ್ದು 2005ರಲ್ಲಿ.

1942ರಲ್ಲಿ ಯುದ್ಧದ ಕಾಲ, ಮತ್ತೆ ಆಳು ಬೇಕಾಯಿತು. ಎರಡೂ ಸರ್ಕಾರ ಸೇರಿ ಬ್ರಸೇರೊ ಯೋಜನೆ ಮಾಡಿದವು. ಬ್ರಸೇರೊ ಅಂದರೆ ತೋಳಿನಿಂದ ದುಡಿಯುವವನು. ತೋಳು ಬೇಕಿತ್ತು, ಮನುಷ್ಯ ಬೇಕಿರಲಿಲ್ಲ. 1964ರವರೆಗೆ ಸುಮಾರು 46 ಲಕ್ಷ ಕರಾರುಗಳಾದವು. ಗಡಿಯಲ್ಲಿ ಬೆತ್ತಲೆ ನಿಲ್ಲಿಸಿ ಡಿಡಿಟಿ ಪುಡಿ ಹೊಡೆಯುತ್ತಿದ್ದರು. ಮೊದಲ ವರ್ಷಗಳಲ್ಲಿ ಕೂಲಿಯ ನೂರಕ್ಕೆ 10ರಷ್ಟು ಹಿಡಿದಿಟ್ಟರು, ಊರಿಗೆ ಹೋದ ಮೇಲೆ ಕೊಡುತ್ತೇವೆ ಅಂದರು. ಎಷ್ಟೋ ಜನರಿಗೆ ಆ ದುಡ್ಡು ಸಿಗಲೇ ಇಲ್ಲ.

ಇಲ್ಲಿಯ ಹಿರಿಯ ಕೂಲಿಯೊಬ್ಬರು ಒಂದು ಗುದ್ದಲಿ ತೋರಿಸಿದರು. ಕಾವು ನನ್ನ ಮೊಣಕೈಯಷ್ಟು ಉದ್ದ, ಅಷ್ಟೆ. ಹೆಸರು 'ಎಲ್ ಕೊರ್ತೀತೊ', ಗಿಡ್ಡ. ಲೆಟ್ಯೂಸ್ ಹೊಲದಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಸೊಂಟ ಬಗ್ಗಿಸಿಯೇ ಇರಬೇಕು. ಉದ್ದ ಕಾವು ಕೊಟ್ಟರೆ ಆಗುವುದಿಲ್ಲವಾ ಅಂತ ಕೇಳಿದೆ. "ಆಗುತ್ತೆ. ಆದರೆ ಯಾರು ನೆಟ್ಟಗೆ ನಿಂತಿದ್ದಾರೆ ಅಂತ ಮೇಸ್ತ್ರಿಗೆ ದೂರದಿಂದ ಕಾಣಬೇಕಲ್ಲ" ಅಂದರು. ಕೋರ್ಟು, ಹೋರಾಟ ಎಲ್ಲ ಆಗಿ 1975ರಲ್ಲಿ ಅದು ನಿಂತಿತು. ನಮ್ಮಪ್ಪನೂ ಗುದ್ದಲಿ ಹಿಡಿದವರು. ಆ ಗಿಡ್ಡ ಕಾವು ಕೈಯಲ್ಲಿ ಹಿಡಿದಾಗ ನನಗೆ ಮಾತು ಬರಲಿಲ್ಲ.

ಈಗ ಸಾಲಿನ ವಿಷಯ. 1964ರಲ್ಲಿ ಬ್ರಸೇರೊ ನಿಂತಿತು. 1965ರ ಕಾಯ್ದೆ, ನಮ್ಮಂಥ ಭಾರತೀಯರಿಗೆ ಬಾಗಿಲು ತೆರೆದ ಅದೇ ಕಾಯ್ದೆ, ಉತ್ತರ ದಕ್ಷಿಣ ಅಮೆರಿಕಗಳಿಗೆಲ್ಲ ಸೇರಿ ಮೊದಲ ಸಲ ವರ್ಷಕ್ಕೆ 1,20,000 ಅಂತ ಮಿತಿ ಹಾಕಿತು. 1976ರಲ್ಲಿ ಒಂದೊಂದು ದೇಶಕ್ಕೂ 20,000 ಅಂದರು. ಅಂದರೆ, 1956ರಲ್ಲಿ ಒಂದೇ ವರ್ಷ 4 ಲಕ್ಷಕ್ಕೂ ಜಾಸ್ತಿ ಬ್ರಸೇರೊಗಳನ್ನು ಕರೆಸಿದ ದೇಶ, ಇಪ್ಪತ್ತು ವರ್ಷ ಕಳೆದ ಮೇಲೆ 20,000ಕ್ಕೆ ನಿಲ್ಲಿಸಿತು. ಹೊಲ ಅದೇ, ಬೆಳೆ ಅದೇ, ಬರುವ ಮನುಷ್ಯನೂ ಅವನೇ. ಕಾಗದ ಮಾತ್ರ ಇಲ್ಲವಾಯಿತು. ನಿಮ್ಮನ್ನು 13 ವರ್ಷ ನಿಲ್ಲಿಸಿದ ದೇಶವಾರು ಮಿತಿ ಇದೆಯಲ್ಲ, ಮೆಕ್ಸಿಕೋದವರನ್ನೂ ನಿಲ್ಲಿಸಿರುವುದು ಅದೇ. ಬುಲೆಟಿನ್ನಿನಲ್ಲಿ ನಿಮ್ಮ ಕಾಲಂ ಪಕ್ಕದಲ್ಲೇ ಅವರ ಕಾಲಂ ಇರುತ್ತದೆ, ಈ ತಿಂಗಳು ನೋಡಿ. ಪೌರರ ಮದುವೆಯಾದ ಮಕ್ಕಳು, ಒಡಹುಟ್ಟಿದವರು 20 ವರ್ಷಕ್ಕೂ ಜಾಸ್ತಿ ಕಾಯುತ್ತಾರೆ. ಓದಿಲ್ಲದ ಕೂಲಿಯವರಿಗಂತೂ ಇಡೀ ಪ್ರಪಂಚಕ್ಕೆ ವರ್ಷಕ್ಕೆ 10,000ಕ್ಕಿಂತ ಜಾಸ್ತಿ ಜಾಗವಿಲ್ಲ. ನಿಲ್ಲೋಣ ಅಂದರೂ ಅವರಿಗೆ ಸಾಲೇ ಇಲ್ಲ.

ಒಂದು ಮಾತು ಸೇರಿಸುತ್ತೇನೆ. ಇಲ್ಲೇ ದಕ್ಷಿಣಕ್ಕೆ ಡೆಲನೊ ಇದೆ. 1965ರ ಸೆಪ್ಟೆಂಬರ್ 8ರಂದು ದ್ರಾಕ್ಷಿ ಕೊಯ್ಯುವುದಿಲ್ಲ ಅಂತ ಮೊದಲು ಕೂತವರು ಲ್ಯಾರಿ ಇಟ್ಲಿಯಾಂಗ್ ಮುಂದಾಳುತನದ ಫಿಲಿಪೀನ್ಸ್ ಕೂಲಿಗಳು. ಎಂಟು ದಿನ ಬಿಟ್ಟು ಸೀಸರ್ ಚಾವೆಜ್, ಡೊಲೊರೆಸ್ ಹುಯೆರ್ಟಾ ಕಟ್ಟಿದ ಮೆಕ್ಸಿಕನ್ ಕೂಲಿಗಳ ಸಂಘ ಜೊತೆಗೂಡಿತು. ಮೊದಲು ಸ್ಪೇನ್, ಆಮೇಲೆ ಅಮೆರಿಕ. ಎರಡೂ ಜನ ಅದೇ ಎರಡು ಸಾಮ್ರಾಜ್ಯಗಳ ಕೈಯಲ್ಲಿ ಸಿಕ್ಕವರು. ಒಂದೇ ತೋಟದಲ್ಲಿ ಭೇಟಿಯಾದರು. ಐದು ವರ್ಷ ಪಟ್ಟು ಹಿಡಿದು 1970ರಲ್ಲಿ ಕರಾರು ಗೆದ್ದರು.

ಶಾಸನಪ್ರಿಯ (ಧಾರವಾಡ)

ಚರ್ಚೆ ಚೆನ್ನಾಗಿದೆ. ಒಂದು ತಕರಾರು. ಬಯಲುಸೀಮೆಯವರೇ, ಅಜ್ಜಿಯ ನಕ್ಷೆ 1767ರಿಂದ ಶುರುವಾಗುತ್ತದೆ. ಅದಕ್ಕಿಂತ ಮುಂಚೆ ಆ ದಡದಲ್ಲಿ ಯಾರಿದ್ದರು? ಸ್ಪೇನ್ ದೊರೆ ಹಂಚಿದ ನೆಲ ಅವನ ಅಪ್ಪನದಾಗಿತ್ತಾ? ಕೊವಾವಿಲ್ಟೆಕನ್ ಅಂತ ಕರೆಯುವ ಹತ್ತಾರು ಪುಟ್ಟ ಬುಡಕಟ್ಟುಗಳು ಅಲ್ಲಿದ್ದವು. ನಿಮ್ಮ ಸ್ಯಾನ್ ಅಂಟೋನಿಯೊದ ಮೊದಲ ಮಿಷನ್, ಅಂದರೆ ಸ್ಪೇನ್ ಪಾದ್ರಿಗಳ ಮತಪ್ರಚಾರದ ನೆಲೆ, ಶುರುವಾದದ್ದು 1718ರಲ್ಲಿ. ಅದರ ಕಲ್ಲು ಹೊತ್ತವರು ಅವರೇ, ಸಿಡುಬು ಬಂದು ಸತ್ತವರೂ ಅವರೇ. ನ್ಯೂ ಮೆಕ್ಸಿಕೋದ ಪುಯೆಬ್ಲೊ ಜನ 1680ರಲ್ಲಿ ದಂಗೆ ಎದ್ದು ಸ್ಪೇನ್‌ನವರನ್ನು 12 ವರ್ಷ ಹೊರಗಿಟ್ಟಿದ್ದರು.

1848ರ ಒಪ್ಪಂದದಲ್ಲೂ ಮೂಲ ನಿವಾಸಿಗಳನ್ನು ಯಾರೂ ಕೇಳಲಿಲ್ಲ. ಮೆಕ್ಸಿಕೋ ಕಾನೂನಿನಲ್ಲಿ ಪುಯೆಬ್ಲೊ ಜನ ಪೌರರಾಗಿದ್ದರು. ಅಮೆರಿಕದ ಕೆಳಗೆ ನ್ಯೂ ಮೆಕ್ಸಿಕೋದಲ್ಲಿ ಅವರಿಗೆ ಮತ ಸಿಕ್ಕಿದ್ದು 1948ರಲ್ಲಿ. ಸರಿಯಾಗಿ ನೂರು ವರ್ಷ. ಟೆಕ್ಸಸ್ ಬೇರೆಯಾದದ್ದರ ಹಿಂದೆ ಗುಲಾಮಗಿರಿಯೂ ಇತ್ತು. ಮೆಕ್ಸಿಕೋ 1829ರಲ್ಲಿ ಗುಲಾಮಗಿರಿ ರದ್ದು ಮಾಡಿತು. ಅದನ್ನು ಉಳಿಸಿಕೊಳ್ಳಬೇಕು ಅನ್ನುವ ಬಿಳಿಯರು 1836ರಲ್ಲಿ ಟೆಕ್ಸಸ್ ಸಂವಿಧಾನದಲ್ಲೇ ಅದನ್ನು ಬರೆದುಕೊಂಡರು. ಒಂದೇ ಸಾಮ್ರಾಜ್ಯದ ಲೆಕ್ಕ ಹಿಡಿದರೆ ಈ ಜನರೆಲ್ಲ ಬಿಟ್ಟುಹೋಗುತ್ತಾರೆ.

ಬಯಲುಸೀಮೆಯವ

ಒಪ್ಪುತ್ತೇನೆ ಸರ್. ನನ್ನ ಬರಹದಲ್ಲಿ ಅದು ಬರಬೇಕಿತ್ತು. ಅಜ್ಜಿಯ ಮನೆತನದ ಹಿಂದಿನ ಹಿರಿಯರೊಬ್ಬರು ಮಿಷನ್‌ನಲ್ಲಿ ದೀಕ್ಷೆ ಪಡೆದ ಬುಡಕಟ್ಟಿನ ಹೆಂಗಸಂತೆ. ಚರ್ಚಿನ ದಾಖಲೆಯಲ್ಲಿ 'ಇಂಡಿಯಾ' (ಸ್ಪ್ಯಾನಿಷ್‌ನಲ್ಲಿ ಮೂಲ ನಿವಾಸಿ ಹೆಂಗಸು) ಅಂತ ಇದೆ, ಬುಡಕಟ್ಟಿನ ಹೆಸರಿಲ್ಲ. ಅದನ್ನು ಹೇಳುವಾಗ ಅಜ್ಜಿಯ ದನಿ ಇಳಿಯುತ್ತದೆ.

ರಾತ್ರಿಪಾಳಿ (ಲಾಸ್ ಏಂಜಲೀಸ್)

ಶಾಸನಪ್ರಿಯ ಅವರ ಮಾತಿಗೆ ನನ್ನ ಕಡೆಯಿಂದ ಒಂದು ಸೇರ್ಪಡೆ. ನಾನು ಹೆರಿಗೆ ವಾರ್ಡಿನಲ್ಲಿ ನರ್ಸ್. ಒಂದು ರಾತ್ರಿ ಗ್ವಾಟೆಮಾಲಾದ ಹುಡುಗಿಯೊಬ್ಬಳು ನೋವು ತಿನ್ನುತ್ತಾ ಬಂದಳು. ನನಗೆ ಸ್ಪ್ಯಾನಿಷ್ ತಕ್ಕಮಟ್ಟಿಗೆ ಬರುತ್ತದೆ. ಏನು ಕೇಳಿದರೂ "ಸೀ, ಸೀ" ಅನ್ನುತ್ತಿದ್ದಳು. ಆಮೇಲೆ ಗೊತ್ತಾಯಿತು, ಅವಳಿಗೆ ಸ್ಪ್ಯಾನಿಷ್ ಬರುವುದಿಲ್ಲ. ಅವಳ ಮಾತು ಕಾಂಹೊಬಾಲ್, ಮಾಯಾ ಭಾಷೆಗಳಲ್ಲೊಂದು. ಫೋನಿನಲ್ಲಿ ದುಭಾಷಿ ಸಿಕ್ಕಿ, ಆ ಕಡೆಯಿಂದ ತನ್ನ ಭಾಷೆಯ ಮೊದಲ ಮಾತು ಕಿವಿಗೆ ಬಿದ್ದಾಗ ಆ ಹುಡುಗಿ ನನ್ನ ಕೈ ಹಿಡಿದುಕೊಂಡಳು. ಅಲ್ಲಿಯವರೆಗೆ ನಾವೆಲ್ಲ ಅವಳ ಫಾರಂನಲ್ಲಿ 'ಹಿಸ್ಪಾನಿಕ್, ಸ್ಪ್ಯಾನಿಷ್' ಅಂತ ಬರೆದು ಮುಗಿಸಿದ್ದೆವು.

ಅವಳ ಊರಿನವರು ಇಲ್ಲಿ ಯಾಕಿದ್ದಾರೆ? ಗ್ವಾಟೆಮಾಲಾದಲ್ಲಿ ಜನರೇ ಆರಿಸಿದ ಅಧ್ಯಕ್ಷ ಹಕೋಬೊ ಆರ್ಬೆನ್ಸ್ 1952ರಲ್ಲಿ ಭೂಸುಧಾರಣೆ ತಂದರು. ಪಾಳು ಬಿಟ್ಟ ಜಮೀನು ತೆಗೆದು ರೈತರಿಗೆ ಕೊಡುವುದು. ಅಂಥ ಜಮೀನು ಜಾಸ್ತಿ ಇದ್ದದ್ದು ಅಮೆರಿಕದ ಯುನೈಟೆಡ್ ಫ್ರೂಟ್ ಕಂಪನಿಯ ಹತ್ತಿರ. ತೆರಿಗೆ ಲೆಕ್ಕದಲ್ಲಿ ಕಂಪನಿ ತಾನೇ ತೋರಿಸಿದ್ದ ಬೆಲೆಯನ್ನೇ ಪರಿಹಾರ ಕೊಡುತ್ತೇವೆ ಅಂತ ಸರ್ಕಾರ ಹೇಳಿತು. ಆ ಬೆಲೆ ಸುಮಾರು 6 ಲಕ್ಷ ಡಾಲರ್. ಕಂಪನಿಯ ಪರವಾಗಿ ಕೇಳಿದ್ದು 1.5 ಕೋಟಿಗೂ ಜಾಸ್ತಿ. 1954ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಆ ಸರ್ಕಾರವನ್ನು ಉರುಳಿಸಿತು. 1960ರಿಂದ 1996ರವರೆಗೆ ಅಂತರ್ಯುದ್ಧ. 2 ಲಕ್ಷ ಜನ ಸತ್ತರು ಅಥವಾ ಕಾಣೆಯಾದರು. ಸತ್ಯಶೋಧನಾ ಆಯೋಗ ಗುರುತಿಸಿದ ಬಲಿಗಳಲ್ಲಿ ನೂರಕ್ಕೆ 83 ಜನ ಮಾಯಾ ಬುಡಕಟ್ಟಿನವರು.

ಎಲ್ ಸಾಲ್ವಡಾರ್ ನನಗೆ ಇನ್ನೂ ಹತ್ತಿರ. ನಮ್ಮ ವಾರ್ಡಿನ ಹಿರಿಯ ಆಯಾ ಆ ದೇಶದವರು. ಅಲ್ಲಿ 1980ರ ಮಾರ್ಚ್ 24ರಂದು ಆರ್ಚ್‌ಬಿಷಪ್ ಓಸ್ಕರ್ ರೊಮೆರೊ ಅವರನ್ನು ಪೂಜೆ ನಡೆಸುತ್ತಿರುವಾಗಲೇ ಗುಂಡಿಟ್ಟು ಕೊಂದರು. ಹಿಂದಿನ ದಿನವಷ್ಟೇ ಅವರು, ನಿಮ್ಮದೇ ಜನರನ್ನು ಕೊಲ್ಲಬೇಡಿ ಅಂತ ಸೈನಿಕರನ್ನು ಬೇಡಿಕೊಂಡಿದ್ದರು. 1981ರ ಡಿಸೆಂಬರ್‌ನಲ್ಲಿ ಎಲ್ ಮೊಸೊಟೆ ಹಳ್ಳಿಯಲ್ಲಿ, ಸುತ್ತಮುತ್ತ, 800ಕ್ಕೂ ಜಾಸ್ತಿ ಜನರನ್ನು ಕೊಂದ ಸೈನಿಕ ದಳಕ್ಕೆ ತರಬೇತಿ ಕೊಟ್ಟದ್ದು ಅಮೆರಿಕ. 12 ವರ್ಷದ ಆ ಯುದ್ಧದಲ್ಲಿ ಸುಮಾರು 75,000 ಜನ ಸತ್ತರು. ತಪ್ಪಿಸಿಕೊಂಡು ಬಂದವರು ಲಾಸ್ ಏಂಜಲೀಸ್‌ನಲ್ಲಿ ಆಶ್ರಯ ಕೇಳಿದರು. 1984ರಲ್ಲಿ ಸಾಲ್ವಡಾರ್‌ನವರ ನೂರು ಅರ್ಜಿಯಲ್ಲಿ ಮೂರೂ ಪಾಸಾಗಲಿಲ್ಲ. ಒಪ್ಪಿಕೊಂಡರೆ, ತಾವು ದುಡ್ಡು ಕೊಡುತ್ತಿರುವ ಸರ್ಕಾರವೇ ಜನರನ್ನು ಕೊಲ್ಲುತ್ತಿದೆ ಅಂತ ಒಪ್ಪಬೇಕಿತ್ತು. ಅರಿಜೋನಾದ ಟೂಸಾನ್‌ನಲ್ಲಿ ಒಂದು ಚರ್ಚು, ರೊಮೆರೊ ಸತ್ತು ಸರಿಯಾಗಿ ಎರಡು ವರ್ಷಕ್ಕೆ, 1982ರ ಮಾರ್ಚ್ 24ರಂದು, ಇವರಿಗೆ ಇಲ್ಲಿ ಜಾಗ ಇದೆ ಅಂತ ಬಹಿರಂಗವಾಗಿ ಸಾರಿತು. ನಮ್ಮ ಆಯಾ ಅಂಥದ್ದೇ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಐದು ತಿಂಗಳು ಮಲಗಿದ್ದವರು. ಈಗ ಹುಟ್ಟುವ ಪ್ರತಿ ಮಗುವನ್ನೂ ಮೊದಲು ಒರೆಸಿ ಬಟ್ಟೆ ಸುತ್ತುವುದು ಅವರೇ.

ಕಾವೇರಿ ದಂಡೆ

ಈ ತಿಂಗಳ ಬುಲೆಟಿನ್ ತೆಗೆದು ನೋಡಿದೆ. ಇಷ್ಟು ವರ್ಷ ನನ್ನ ಕಾಲಂ ಮಾತ್ರ ನೋಡುತ್ತಿದ್ದೆ. ಮೆಕ್ಸಿಕೋ ಅಲ್ಲೇ ಪಕ್ಕದಲ್ಲಿದೆ. ಕುಟುಂಬದ ಪಟ್ಟಿಯಲ್ಲಿ ಅವರ ದಿನಾಂಕ ನಮ್ಮದಕ್ಕಿಂತಲೂ ಹಿಂದೆ ಇದೆ. ನಾನು ಬರೆದದ್ದರಲ್ಲಿ ಸ್ವಲ್ಪ ದುಡುಕು ಇತ್ತು.

ಇನ್ನೊಂದು ಕೇಳಬೇಕು. ಕ್ಯೂಬಾದವರಿಗೆ ಹೀಗೆ ಆಗಲಿಲ್ಲ ಅಲ್ವಾ?

ಮಲೆನಾಡ ಮಳೆ

ಆಗಲಿಲ್ಲ. 1959ರ ಕ್ರಾಂತಿಯ ಮೇಲೆ ಬಂದವರು ಅಮೆರಿಕದ ಶತ್ರುವಿನಿಂದ ಓಡಿ ಬಂದವರು. 1966ರಲ್ಲಿ ಅವರಿಗಂತಲೇ ಕಾಯ್ದೆಯಾಯಿತು, ಕಾಯಂ ವಾಸದ ಕಾಗದ ಬೇಗ ಸಿಗುತ್ತಿತ್ತು. 1980ರಲ್ಲಿ ಮರಿಯೆಲ್ ಬಂದರಿನಿಂದ ದೋಣಿಗಳಲ್ಲಿ ಸುಮಾರು 1,25,000 ಜನ ಬಂದರು. ಅವರಲ್ಲಿ ಬಡವರು, ಕಪ್ಪು ಜನ ಜಾಸ್ತಿ ಇದ್ದರು. ಆಗ ಸ್ವಾಗತದ ದನಿ ಸಣ್ಣದಾಯಿತು. ಡೊಮಿನಿಕನ್ ರಿಪಬ್ಲಿಕ್ ಇನ್ನೊಂದು ತರ. 1965ರಲ್ಲಿ ಅಮೆರಿಕ 20,000ಕ್ಕೂ ಜಾಸ್ತಿ ಸೈನಿಕರನ್ನು ಇಳಿಸಿತು. ಅದರ ಬೆನ್ನಿಗೇ ಅಲ್ಲಿಯವರಿಗೆ ವೀಸಾ ಧಾರಾಳವಾಯಿತು. ಇವತ್ತು ನ್ಯೂಯಾರ್ಕ್‌ನ ವಾಷಿಂಗ್ಟನ್ ಹೈಟ್ಸ್‌ನಲ್ಲಿ ನಡೆದರೆ ಅಂಗಡಿ ಬೋರ್ಡು, ಹಾಡು, ಬಾಳೆಕಾಯಿ ಹುರಿಯುವ ವಾಸನೆ ಎಲ್ಲ ಅಲ್ಲಿಯದೇ.

ಬಯಲುಸೀಮೆಯವ

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಊಟದ ದಿನ ಆ ಮಾತು ಆಡಿದ್ದವರಿಗೆ ಈ ಚರ್ಚೆ ಕಳಿಸಿದ್ದೆ. ಓದಿ, "ಆ ನಕ್ಷೆ ನೋಡಬಹುದಾ?" ಅಂತ ಅವರೇ ಕೇಳಿದರು. ಮೊನ್ನೆ ಭಾನುವಾರ ಅವರು, ಅವರ ಮನೆಯವರು ಬಂದರು. ಅಜ್ಜಿಯನ್ನೂ ಕರೆದೆ.

ಅಜ್ಜಿ ಹುಟ್ಟಿದ್ದು ನದಿ ದಡದ ಹಳೇ ಸಪಾಟಾ ಊರಿನಲ್ಲಿ. 1953ರಲ್ಲಿ ಎರಡೂ ದೇಶ ಸೇರಿ ಫಾಲ್ಕನ್ ಅಣೆಕಟ್ಟು ಕಟ್ಟಿದವು. ಅಕ್ಟೋಬರ್‌ನಲ್ಲಿ ಇಬ್ಬರು ಅಧ್ಯಕ್ಷರು ಬಂದು ಉದ್ಘಾಟನೆ ಮಾಡಿದರು. ನೀರು ಅದಕ್ಕೂ ಮುಂಚೆಯೇ, ಆಗಸ್ಟ್‌ನ ಮಳೆಗೆ, ಊರೊಳಗೆ ಬಂದಿತ್ತು. ಅಜ್ಜಿಗೆ ಆಗ ಎಂಟು ವರ್ಷ. ಅವರಪ್ಪ ಮೊದಲು ಆಡುಗಳನ್ನು ದಿಬ್ಬಕ್ಕೆ ಹೊಡೆದು, ಆಮೇಲೆ ಮಕ್ಕಳನ್ನು ಹೊತ್ತರಂತೆ. ಪರಿಹಾರ ಕೈಗೆ ಬರುವ ಹೊತ್ತಿಗೆ ಅವರು ಸ್ಯಾನ್ ಅಂಟೋನಿಯೊದಲ್ಲಿ ಗಾರೆ ಕೆಲಸಕ್ಕೆ ಸೇರಿ ಆಗಿತ್ತು. ನದಿ ಆಚೆಯ ಗೆರೆರೊ ಊರೂ ಮುಳುಗಿತು. ಮಳೆ ಕೈಕೊಟ್ಟ ವರ್ಷ ಅಲ್ಲಿಯ ಕಲ್ಲಿನ ಚರ್ಚು ನೀರಿನಿಂದ ಮೇಲೆ ಬರುತ್ತದೆ. ಅಂಥ ವರ್ಷಗಳಲ್ಲಿ ಅಜ್ಜಿ ಮಗನ ಜೊತೆ ಹೋಗಿ ನೋಡಿ ಬರುತ್ತಾರೆ.

ಮೇಜಿನ ಮೇಲೆ ನಕ್ಷೆ ಹಾಸಿದೆವು. ಮೂಲೆ ಸುರುಳಿ ಸುತ್ತುತ್ತಿತ್ತು, ಉಪ್ಪಿನ ಡಬ್ಬಿ ಒಂದು ಕಡೆ, ಕಾಫಿ ಲೋಟ ಇನ್ನೊಂದು ಕಡೆ ಇಟ್ಟೆವು. ಬಂದವರು ಪಟ್ಟಿಗಳನ್ನು ಒಂದೊಂದಾಗಿ ಎಣಿಸುತ್ತಾ ಹೋದರು. ನಡುವೆ ನಿಲ್ಲಿಸಿ, "ಅಮ್ಮಾ, ನಿಮ್ಮದು ಯಾವುದು?" ಅಂತ ಕನ್ನಡದಲ್ಲೇ ಕೇಳಿದರು. ನಾನು ಇಂಗ್ಲಿಷ್‌ನಲ್ಲಿ ಹೇಳುವ ಮೊದಲೇ ಅಜ್ಜಿ ಬೆರಳಿಟ್ಟರು. ಅವರು ಫೋನಿನಲ್ಲಿ ಇವತ್ತಿನ ನಕ್ಷೆ ತೆಗೆದು ಪಕ್ಕಕ್ಕೆ ಹಿಡಿದರು. ಬೆರಳಿಟ್ಟ ಜಾಗದಲ್ಲಿ ಅರ್ಧ ನೆಲ, ಅರ್ಧ ನೀಲಿ.